ಅಡಾಸ್ ಇರುವ ಕಾರನ್ನು ನಮ್ಮ ಕಡೆಯ ರಸ್ತೆಗಳಲ್ಲಿ ಓಡಿಸುವ ಬಗೆ

ಐದಾರು ವರ್ಷಗಳ ಹಿಂದೆ ಅಡಾಸ್, ಎಂದರೆ ಕ್ಯಾಮೆರಾ, ರಾಡಾರ್‌ಗಳಿಂದ ರಸ್ತೆ ನೋಡಿ ಚಾಲಕನಿಗೆ ನೆರವಾಗುವ ವ್ಯವಸ್ಥೆ, ದುಬಾರಿ ಕಾರುಗಳ ಮಾತಾಗಿತ್ತು. 2021ರಲ್ಲಿ ಎಂಜಿ ಆಸ್ಟರ್ ಮತ್ತು ಮಹೀಂದ್ರ ಎಕ್ಸ್‌ಯುವಿ 700 ಕಾರುಗಳಲ್ಲಿ ಬಂದ ಈ ಸೌಲಭ್ಯ 2023ರಲ್ಲಿ ಹ್ಯುಂಡೈ ವೆರ್ನಾ, ಕಿಯಾ ಸೆಲ್ಟೋಸ್, ಟಾಟಾ ಹ್ಯಾರಿಯರ್‌ಗಳಿಗೆ ಹರಡಿತು. 2024ರ ಡಿಸೆಂಬರ್ ಹೊತ್ತಿಗೆ ಹೋಂಡಾ ಅಮೇಜ್‌ನಂಥ ಸಣ್ಣ ಸೆಡಾನಿಗೂ ಬಂತು. ಈಗ ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಸ್ವಲ್ಪ ಹೊತ್ತು ನಿಂತರೆ ಅಂಥ ಕಾರು ಕಣ್ಣಿಗೆ ಬೀಳದೆ ಇರುವುದಿಲ್ಲ. ಆದರೆ ಕಾರು ಕೈಗೆ ಬರುವ ದಿನ ಷೋರೂಮಿನಲ್ಲಿ ಇದನ್ನು ಹೇಳಿಕೊಡಲು ಸಿಗುವುದು ಹತ್ತು ನಿಮಿಷ. ನಿಂಬೆಹಣ್ಣು, ಫೋಟೊ, ಸಿಹಿ ಹಂಚುವುದರ ನಡುವೆ ಗುಂಡಿ ಎಲ್ಲಿದೆ ಎಂಬುದು ತಿಳಿಯುತ್ತದೆ. ಅದನ್ನು ಎಲ್ಲಿ ಒತ್ತಬಾರದು ಎಂಬುದು ತಿಳಿಯುವುದಿಲ್ಲ. ನನ್ನ ಅನುಭವದಲ್ಲಿ ಎರಡನೆಯದೇ ಹೆಚ್ಚು ಮುಖ್ಯ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ರಸ್ತೆಗಳನ್ನು ಕಣ್ಣ ಮುಂದಿಟ್ಟುಕೊಂಡು ಅದನ್ನೇ ಇಲ್ಲಿ ವಿವರವಾಗಿ ಬರೆದಿದ್ದೇನೆ.

ಕಾರು ಯಾವ ಕೆಲಸವನ್ನು ವಹಿಸಿಕೊಂಡಿದೆ

ವಾಹನ ಎಷ್ಟರಮಟ್ಟಿಗೆ ತಾನಾಗಿ ಓಡುತ್ತದೆ ಎಂಬುದನ್ನು ಅಳೆಯಲು ಎಸ್‌ಎಇ ಎಂಬ ಎಂಜಿನಿಯರುಗಳ ಸಂಸ್ಥೆ 2014ರಲ್ಲಿ ಸೊನ್ನೆಯಿಂದ ಐದರವರೆಗೆ ಹಂತಗಳನ್ನು ಗೊತ್ತುಮಾಡಿತು. ನಮ್ಮಲ್ಲಿ ಮಾರಾಟವಾಗುತ್ತಿರುವ ಕಾರುಗಳು ಹೆಚ್ಚೆಂದರೆ ಎರಡನೆಯ ಹಂತದವು. ಈ ಹಂತದಲ್ಲಿ ಕಾರು ಮುಂದಿನ ವಾಹನದಿಂದ ಅಂತರ ಕಾಯ್ದುಕೊಂಡು ವೇಗವನ್ನು ತಾನೇ ಏರಿಸಿ ಇಳಿಸುತ್ತದೆ, ಬಿಳಿ ಪಟ್ಟೆಗಳ ನಡುವೆ ಉಳಿಯುವಂತೆ ಸ್ಟೇರಿಂಗನ್ನು ತುಸು ತಿರುಗಿಸುತ್ತದೆ, ಡಿಕ್ಕಿಯಾಗುವಂತೆ ಕಂಡರೆ ಕೂಗಿ ಎಚ್ಚರಿಸಿ ಬ್ರೇಕ್ ಹಾಕಲು ನೋಡುತ್ತದೆ. ಇಷ್ಟೆಲ್ಲ ಮಾಡುವಾಗಲೂ ರಸ್ತೆಯನ್ನು ನೋಡುವ ಕೆಲಸ ಮಾತ್ರ ಚಾಲಕನದೇ. ಮೂರನೆಯ ಹಂತದಲ್ಲಷ್ಟೇ, ಅದೂ ಗೊತ್ತುಪಡಿಸಿದ ರಸ್ತೆಯಲ್ಲಿ ಗೊತ್ತುಪಡಿಸಿದ ವೇಗದೊಳಗೆ, ರಸ್ತೆ ನೋಡುವ ಹೊಣೆಯನ್ನು ಯಂತ್ರ ವಹಿಸಿಕೊಳ್ಳುತ್ತದೆ. ಜರ್ಮನಿಯಲ್ಲಿ ಮರ್ಸಿಡಿಸ್ ಕಂಪನಿಗೆ 2021ರಲ್ಲಿ ಅಂಥ ವ್ಯವಸ್ಥೆಗೆ ಒಪ್ಪಿಗೆ ಸಿಕ್ಕಾಗ ಮಿತಿ ಇದ್ದದ್ದು ಗಂಟೆಗೆ 60 ಕಿಲೋಮೀಟರ್. ಆ ಎರಡು ಮತ್ತು ಮೂರರ ನಡುವಿನ ಗೆರೆಯನ್ನು ಮನಸ್ಸಿನಲ್ಲಿ ಅಳಿಸಿಕೊಂಡ ಚಾಲಕನೇ ಅಪಾಯಕ್ಕೆ ಸಿಕ್ಕುವವನು.

ಕಾರು ನೋಡುವುದು ಎರಡು ಕಣ್ಣಿನಿಂದ. ಒಂದು, ಮುಂಗಾಜಿನ ಒಳಗೆ ಕನ್ನಡಿಯ ಹಿಂದಿರುವ ಕ್ಯಾಮೆರಾ. ಇನ್ನೊಂದು, ಬಂಪರಿನಲ್ಲೋ ಗ್ರಿಲ್ಲಿನಲ್ಲೋ ಕಂಪನಿಯ ಲಾಂಛನದ ಹಿಂದೆಯೋ ಇರುವ ರಾಡಾರ್. ಕೆಲವು ಕಾರುಗಳಲ್ಲಿ ಕ್ಯಾಮೆರಾ ಒಂದೇ ಇರುತ್ತದೆ. ಚಲಿಸುವ ವಸ್ತುವಿನ ವೇಗವನ್ನು ರಾಡಾರ್ ಬಹಳ ಚೆನ್ನಾಗಿ ಅಳೆಯುತ್ತದೆ. ಆದರೆ ರಸ್ತೆ ಬದಿಯ ಫಲಕ, ಡಿವೈಡರ್, ಮೇಲ್ಸೇತುವೆಯ ಕಂಬ ಇವೆಲ್ಲವೂ ಅದಕ್ಕೆ ನಿಂತ ವಸ್ತುಗಳೇ. ಅವೊಂದೊಂದಕ್ಕೂ ಬ್ರೇಕ್ ಹಾಕುತ್ತಾ ಹೋದರೆ ಕಾರು ಓಡಿಸಲಾಗದು. ಆದ್ದರಿಂದ ಹೆಚ್ಚು ವೇಗದಲ್ಲಿ ಹೋಗುವಾಗ ನಿಂತ ವಸ್ತುಗಳ ಪ್ರತಿಧ್ವನಿಯನ್ನು ತಂತ್ರಾಂಶ ಅಷ್ಟಾಗಿ ಗಣಿಸುವುದಿಲ್ಲ. ಆಗ ಉಳಿದದ್ದು ಕ್ಯಾಮೆರಾ. ಅದು ತನಗೆ ಕಲಿಸಿದ ಆಕಾರಗಳನ್ನು ಮಾತ್ರ ಗುರುತಿಸುತ್ತದೆ: ಕಾರಿನ ಹಿಂಭಾಗ, ಲಾರಿಯ ಹಿಂಭಾಗ, ಬೈಕು, ನಡೆಯುವ ಮನುಷ್ಯ. ಕಾರಿನ ಜೊತೆ ಬರುವ ಕೈಪಿಡಿಯಲ್ಲಿ ನಿಂತ ವಾಹನ, ಪ್ರಾಣಿ, ವಿಚಿತ್ರ ಆಕಾರದ ಹೊರೆ ಇವುಗಳ ವಿಷಯದಲ್ಲಿ ವ್ಯವಸ್ಥೆ ಕೆಲಸ ಮಾಡದೆ ಹೋಗಬಹುದು ಎಂದು ಬರೆದಿರುತ್ತದೆ. ಆ ಪುಟಗಳನ್ನು ಓದುವವರು ಕಡಿಮೆ.

ಇದರ ಅರ್ಥ ನನಗಾದದ್ದು ಶಿರಾ ಕಡೆಗೆ ಹೋಗುವಾಗ, ಕಳ್ಳಂಬೆಳ್ಳ ದಾಟಿದ ಮೇಲೆ. ವೇಗವನ್ನೂ ಅಂತರವನ್ನೂ ಕಾರೇ ಕಾಯುವ ಕ್ರೂಸ್ ಕಂಟ್ರೋಲನ್ನು 90ಕ್ಕೆ ಹೊಂದಿಸಿದ್ದೆ. ಮುಂದೆ ಒಂದು ಟೆಂಪೊ ಟ್ರಾವೆಲರ್ 70ರಲ್ಲಿ ಹೋಗುತ್ತಿತ್ತು. ನನ್ನ ಕಾರೂ ಅದರ ಹಿಂದೆ 70ಕ್ಕೆ ಇಳಿದು ಒಂದೇ ಅಂತರದಲ್ಲಿ ಹೋಗುತ್ತಿತ್ತು. ಟೆಂಪೊ ಇದ್ದಕ್ಕಿದ್ದಂತೆ ಬಲಕ್ಕೆ ಸರಿಯಿತು. ಅದು ಸರಿದ ಜಾಗದಲ್ಲಿ ಕಡಲೆಕಾಯಿ ಬಳ್ಳಿಯನ್ನು ಎರಡೂ ಬದಿಗೆ ಜೋಲುವಂತೆ ಹೇರಿಕೊಂಡ ಟ್ರಾಕ್ಟರ್ ಟ್ರೈಲರ್ ಚಕ್ರ ಪಂಕ್ಚರಾಗಿ ನಿಂತಿತ್ತು. ಹಿಂದೆ ಎರಡು ಕಲ್ಲು, ಒಂದು ಹೊಂಗೆಯ ಕೊಂಬೆ. ಪರದೆಯ ಮೇಲೆ ಅಲ್ಲಿಯವರೆಗೆ ಕಾಣುತ್ತಿದ್ದ ವಾಹನದ ಪುಟ್ಟ ಚಿತ್ರ ಮಾಯವಾಯಿತು. ದಾರಿ ತೆರವಾಯಿತೆಂದು ತಿಳಿದ ಕಾರು 90ಕ್ಕೆ ಮರಳಲು ವೇಗ ಏರಿಸತೊಡಗಿತು. ಬೆನ್ನು ಸೀಟಿಗೆ ಒತ್ತಿದ್ದು ನನಗೆ ಸ್ಪಷ್ಟವಾಗಿ ತಿಳಿಯಿತು. ಕಾಲು ಬ್ರೇಕಿನ ಮೇಲೆ ಪೂರ್ತಿ ಊರಿದ ಮೇಲೆ ಎಚ್ಚರಿಕೆಯ ಸದ್ದು ಬಂತು. ಪಕ್ಕದಲ್ಲಿದ್ದ ನನ್ನ ಹೆಂಡತಿ ಎರಡೂ ಕೈಯಿಂದ ಡ್ಯಾಶ್‌ಬೋರ್ಡ್ ಹಿಡಿದಿದ್ದಳು. ಟ್ರೈಲರಿಗೆ ನಾಲ್ಕೈದು ಅಡಿ ಉಳಿದಿತ್ತು; ಚಕ್ರ ಬಿಚ್ಚುತ್ತಿದ್ದ ಹುಡುಗ ಪಾನಾ ಹಿಡಿದುಕೊಂಡೇ ಪಕ್ಕಕ್ಕೆ ಹಾರಿದ್ದ. ಆ ಹುಡುಗನ ಮುಖ ನನಗೆ ಈಗಲೂ ನೆನಪಿದೆ. ಕಾರು ಕೆಟ್ಟಿರಲಿಲ್ಲ. ಅದು ಹೇಗೆ ಕೆಲಸ ಮಾಡಬೇಕೋ ಹಾಗೇ ಮಾಡಿತ್ತು.

ಆದ್ದರಿಂದ ಕ್ರೂಸ್ ಹಾಕಿಕೊಂಡು ಹೋಗುವಾಗ ಮುಂದಿನ ವಾಹನವನ್ನಲ್ಲ, ಅದರ ಮುಂದೇನಿದೆ ಎಂಬುದನ್ನು ನೋಡುವುದನ್ನು ರೂಢಿಸಿಕೊಳ್ಳಬೇಕು. ಮುಂದಿನ ವಾಹನ ಲೇನ್ ಬದಲಿಸಲು ಇಂಡಿಕೇಟರ್ ಹಾಕಿದ ಕೂಡಲೇ, ಅಥವಾ ಹಾಕದೆಯೇ ವಾಲತೊಡಗಿದ ಕೂಡಲೇ, ಬಲಗಾಲು ಬ್ರೇಕಿನ ಮೇಲೆ ಬಂದು ಕೂರಬೇಕು. 90 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 25 ಮೀಟರ್ ಸಾಗುತ್ತದೆ. ಸೀಟಿನ ಕೆಳಗೆ ಮಡಚಿಟ್ಟ ಕಾಲನ್ನು ಹುಡುಕಿ ತರುವಷ್ಟರಲ್ಲಿ ಆ 25 ಮೀಟರ್ ಮುಗಿದಿರುತ್ತದೆ.

ಎಲ್ಲಿ ಹಾಕಬೇಕು, ಎಲ್ಲಿ ತೆಗೆಯಬೇಕು

ಈ ಸೌಲಭ್ಯಕ್ಕೆ ತಕ್ಕ ರಸ್ತೆಗಳು ನಮ್ಮಲ್ಲಿ ಇಲ್ಲವೆಂದಲ್ಲ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ತುಮಕೂರು ದಾಟಿ ಶಿರಾ ಕಡೆಗೆ, 44ರಲ್ಲಿ ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರ, ಬಾಗೇಪಲ್ಲಿಯ ಕಡೆಗೆ, 75ರಲ್ಲಿ ಹೊಸಕೋಟೆಯಿಂದ ಕೋಲಾರ, ಮುಳಬಾಗಿಲಿನ ಕಡೆಗೆ ಡಿವೈಡರ್ ಇದೆ, ಪಟ್ಟೆಗಳು ಕಾಣುತ್ತವೆ. ಹಗಲು, ಒಣ ರಸ್ತೆ, ಹದವಾದ ವಾಹನ ಸಂಚಾರ ಇರುವಾಗ ಇಲ್ಲಿ ಕ್ರೂಸ್ ಹಾಕಿಕೊಂಡರೆ ಕಾಲಿಗೆ ನಿಜವಾಗಿಯೂ ಆರಾಮ ಸಿಗುತ್ತದೆ. ಅಂತರ ಕಾಯುವುದರಲ್ಲಿ ಅದು ನಮಗಿಂತ ತಾಳ್ಮೆ ಉಳ್ಳದ್ದು ಎಂಬುದನ್ನೂ ಒಪ್ಪಬೇಕು. ಆದರೆ ಇದೇ ಹೆದ್ದಾರಿಗಳಲ್ಲಿ ಊರಿನ ಸೇರುವೆ ಹತ್ತಿರವಾದಾಗ, ಸರ್ವೀಸ್ ರಸ್ತೆಯಿಂದ ವಾಹನಗಳು ಒಳಬರುವ ಜಾಗದಲ್ಲಿ, ಟೋಲ್ ಗೇಟಿಗೆ ಅರ್ಧ ಕಿಲೋಮೀಟರ್ ಇರುವಾಗ ಬ್ರೇಕ್ ಮುಟ್ಟಿ ಅದನ್ನು ಕೈಬಿಡಿಸುವುದು ಒಳ್ಳೆಯದು. ಟೋಲ್ ಸಾಲಿನಲ್ಲಿ ಪಟ್ಟೆಗಳು ಹತ್ತಾಗಿ ಒಡೆಯುತ್ತವೆ. ಲೇನ್ ಹಿಡಿಯುವ ವ್ಯವಸ್ಥೆ ಯಾವುದನ್ನು ಹಿಡಿಯಬೇಕೆಂದು ತಿಳಿಯದೆ ಸ್ಟೇರಿಂಗನ್ನು ಎಳೆದಾಡುತ್ತದೆ.

ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುವ ಕಡೆ ಲೇನ್ ಹಿಡಿಯುವ ವ್ಯವಸ್ಥೆಯನ್ನು ಪೂರ್ತಿ ಆರಿಸಬೇಕು. ತುಮಕೂರಿನಿಂದ ನೆಲಮಂಗಲದ ಕಡೆಗೆ ದಿನವೂ ಓಡಾಡುವವರಿಗೆ ಇದರ ಚಿತ್ರ ಕಣ್ಣಿಗೆ ಕಟ್ಟಿದಂತಿರುತ್ತದೆ: ಹಳೆಯ ಪಟ್ಟೆ ಅರ್ಧ ಅಳಿಸಿ ಎಡಕ್ಕೆ ಹೋಗುತ್ತದೆ, ವಾಹನಗಳು ಬಲಕ್ಕೆ ಹೊರಳುತ್ತವೆ, ನಡುವೆ ಮಣ್ಣಿನ ಮೂಟೆಗಳು. ಮನುಷ್ಯನ ಕಣ್ಣು ಮೂಟೆಯನ್ನು ನೋಡಿ ತಿರುಗುತ್ತದೆ, ಕ್ಯಾಮೆರಾ ಪಟ್ಟೆಯನ್ನು ನೋಡಿ ತಿರುಗುತ್ತದೆ.

ಎರಡು ಕಡೆಯ ವಾಹನಗಳೂ ಒಂದೇ ರಸ್ತೆಯಲ್ಲಿ ಬರುವ ಮಧುಗಿರಿ, ಕೊರಟಗೆರೆ, ಪಾವಗಡ, ಚಿಂತಾಮಣಿ, ಶ್ರೀನಿವಾಸಪುರದ ದಾರಿಗಳಲ್ಲಿ ನಾನು ಕ್ರೂಸ್ ಹಾಕುವುದೇ ಇಲ್ಲ. ಹಂಪ್ಸ್ ಎಲ್ಲಿದೆ ಎಂದು ಕಾರಿಗೆ ಗೊತ್ತಿಲ್ಲ. ಬಸ್ಸಿನ ಹಿಂದಿನಿಂದ ರಸ್ತೆ ದಾಟಲು ಓಡಿಬರುವ ಶಾಲೆಯ ಮಕ್ಕಳು ಬಸ್ಸಿನ ಮರೆಯಿಂದ ಹೊರಬರುವವರೆಗೆ ಅದಕ್ಕೆ ಇಲ್ಲವೇ ಇಲ್ಲ. ಬಸ್ಸು ನಿಂತದ್ದನ್ನು ನೋಡಿಯೇ ನಾವು ವೇಗ ಇಳಿಸುತ್ತೇವೆ. ಸುಗ್ಗಿಯ ಹೊತ್ತಿನಲ್ಲಿ ರಾಗಿ, ಹುರುಳಿಯನ್ನು ರಸ್ತೆಗೇ ಹಾಸಿ ವಾಹನಗಳ ಚಕ್ರಕ್ಕೆ ಒಕ್ಕಣೆಗೆ ಬಿಡುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಆ ಹಾಸಿನಡಿ ಪಟ್ಟೆ ಮುಚ್ಚಿಹೋಗುತ್ತದೆ, ಒಣಹುಲ್ಲಿನ ಮೇಲೆ ಚಕ್ರ ಜಾರುತ್ತದೆ, ಅಂಚಿಗಿಟ್ಟ ಕಲ್ಲುಗಳು ಕ್ಯಾಮೆರಾ ಗುರುತಿಸುವ ಆಕಾರದವಲ್ಲ, ತೂರುತ್ತಾ ಬಾಗಿ ನಿಂತ ಹೆಂಗಸರನ್ನು ಅದು ಮನುಷ್ಯರೆಂದು ಗುರುತಿಸುತ್ತದೆ ಎಂಬ ಭರವಸೆಯೂ ಇಲ್ಲ. ಶಿರಾ, ಪಾವಗಡದ ಕುರಿ ಮಂದೆಗಳ ಮಾತೂ ಇದೇ. ಮಂದೆ ಕಂಡರೆ ಕ್ರೂಸ್ ತೆಗೆದು, ಹಾರ್ನ್ ಮಾಡದೆ, ಕುರುಬರು ಕೈ ಮಾಡುವವರೆಗೆ ನಿಲ್ಲುವುದೊಂದೇ ದಾರಿ.

ರಾಂಗ್ ಸೈಡಿನಲ್ಲಿ ಬರುವ ಬೈಕುಗಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆಯನ್ನು ಮುಖ್ಯವಾಗಿ ನಮ್ಮ ದಿಕ್ಕಿನಲ್ಲೇ ಹೋಗುವ ವಾಹನಗಳಿಗಾಗಿ ರೂಪಿಸಿರುತ್ತಾರೆ. ಎದುರಿನಿಂದ ನಮ್ಮ ಲೇನಿನಲ್ಲೇ ಬರುವವರಿಗೆ ಅದು ಸ್ಪಂದಿಸುತ್ತದೆ ಎಂದು ನೆಚ್ಚಿಕೊಳ್ಳಬಾರದು. ಯು ತಿರುವು ಎರಡು ಕಿಲೋಮೀಟರ್ ದೂರವಿರುವ ಕಡೆಯಲ್ಲೆಲ್ಲ ಎಡ ಅಂಚಿನಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡ ಬೈಕೊಂದು ಎದುರಾಗುತ್ತದೆ. ಅವರು ಮಾಡುವುದು ತಪ್ಪೇ; ಆದರೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನದ ಮೇಲಿದ್ದವರು ಎಂಬುದನ್ನು ನೆನೆದರೆ, ಅವರ ತಪ್ಪಿಗೂ ನಾವು ಕಣ್ಣು ತೆರೆದಿರಬೇಕಾಗುತ್ತದೆ.

ಚಿಕ್ಕಬಳ್ಳಾಪುರ, ನಂದಿ ಬೆಟ್ಟದ ಸುತ್ತ ಚಳಿಗಾಲದ ಬೆಳಿಗ್ಗೆ ಮಂಜು ದಟ್ಟವಾಗಿರುತ್ತದೆ. 2023ರ ಅಕ್ಟೋಬರ್ 26ರ ಬೆಳಿಗ್ಗೆ ಚಿಕ್ಕಬಳ್ಳಾಪುರದ ಹತ್ತಿರ ಹೆದ್ದಾರಿಯಲ್ಲಿ ನಿಂತಿದ್ದ ಟ್ಯಾಂಕರಿಗೆ ಬಾಗೇಪಲ್ಲಿ ಕಡೆಯಿಂದ ಬಂದ ವಾಹನ ಡಿಕ್ಕಿಯಾಗಿ 13 ಮಂದಿ ಸತ್ತರು. ಅದು ಅಡಾಸಿನ ಕಥೆಯಲ್ಲ. ಮಂಜು ಮತ್ತು ನಿಂತ ವಾಹನ ಎರಡೂ ಸೇರಿದರೆ ಏನಾಗುತ್ತದೆ ಎಂಬುದರ ಕಥೆ. ಮಂಜಿನಲ್ಲಿ ಕ್ಯಾಮೆರಾ ನಮಗಿಂತ ಹೆಚ್ಚೇನೂ ನೋಡುವುದಿಲ್ಲ, ರಾಡಾರ್ ನಿಂತದ್ದನ್ನು ಅಷ್ಟಾಗಿ ಗಣಿಸುವುದಿಲ್ಲ. ಹಾಗಾಗಿ ಮಂಜಿನಲ್ಲಿ ಕ್ರೂಸ್ ಬೇಡ. ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಿಸಲಾಗುವ ವೇಗವೇ ಸರಿಯಾದ ವೇಗ. ಅದು 30 ಆಗಿದ್ದರೆ 30. ಜೋರು ಮಳೆಗೂ, ಸಂಜೆ ಸೂರ್ಯ ನೇರ ಗಾಜಿಗೆ ಹೊಡೆಯುವ ಹೊತ್ತಿಗೂ ಇದೇ ಮಾತು. ನಂದಿ ಬೆಟ್ಟದ ತಿರುವುಗಳಲ್ಲಿ ಇದನ್ನು ಬಳಸುವ ಪ್ರಶ್ನೆಯೇ ಏಳಬಾರದು.

ಹೊಂದಿಸಿಕೊಳ್ಳುವುದು ಹೇಗೆ

ಕಾರು ಬಂದ ಮೊದಲ ವಾರದಲ್ಲಿ ಒಂದು ಭಾನುವಾರದ ಬೆಳಿಗ್ಗೆ ಖಾಲಿ ಹೆದ್ದಾರಿಗೆ ಹೋಗಿ ಒಂದೊಂದನ್ನೇ ಹಾಕಿ, ಒಂದೊಂದನ್ನೇ ತೆಗೆದು ಕೈಗೆ ರೂಢಿ ಮಾಡಿಕೊಳ್ಳಿ. ಹಾಕುವುದಕ್ಕಿಂತ ತೆಗೆಯುವುದನ್ನು ಹೆಚ್ಚು ಸಲ ಮಾಡಿ; ನೋಡದೆಯೇ ಬೆರಳು ಆ ಗುಂಡಿಯ ಮೇಲೆ ಹೋಗುವಂತಾಗಬೇಕು. ಬ್ರೇಕ್ ಒತ್ತಿದರೆ ಕ್ರೂಸ್ ಬಿಟ್ಟುಹೋಗುತ್ತದೆ. ಆಕ್ಸಿಲರೇಟರ್ ಒತ್ತಿದರೆ ಬಿಟ್ಟುಹೋಗುವುದಿಲ್ಲ, ಆದರೆ ಒತ್ತಿರುವಷ್ಟು ಹೊತ್ತು ಅಂತರಕ್ಕಾಗಿ ಅದು ಬ್ರೇಕ್ ಹಾಕುವುದಿಲ್ಲ. ಈ ಎರಡನೆಯದು ಬಹಳ ಜನರಿಗೆ ತಿಳಿದಿರುವುದಿಲ್ಲ. ಓವರ್‌ಟೇಕ್ ಮಾಡಲು ಒತ್ತಿದ ಕಾಲನ್ನು ಅಲ್ಲೇ ಇಟ್ಟುಕೊಂಡು ಕಾರು ನೋಡಿಕೊಳ್ಳುತ್ತದೆ ಎಂದು ಕೂರುತ್ತಾರೆ.

ಅಂತರವನ್ನು ಅತಿ ಹೆಚ್ಚಿಗೆ ಇಡಿ. ನಡುವೆ ಯಾರಾದರೂ ನುಗ್ಗುತ್ತಾರೆ, ಕಾರು ಮತ್ತೆ ಹಿಂದೆ ಸರಿಯುತ್ತದೆ, ಅದು ಬೇಸರ ತರಿಸುತ್ತದೆ ಎಂಬುದು ನಿಜ. ಆದರೂ ಕಡಿಮೆ ಅಂತರ ಇಟ್ಟುಕೊಂಡವರಿಗೆ ಮುಂದಿನ ವಾಹನದಾಚೆಗೆ ಏನೂ ಕಾಣುವುದಿಲ್ಲ, ಟ್ರಾಕ್ಟರಿನ ವಿಷಯದಲ್ಲಿ ನನಗೆ ಆದದ್ದೇ ಅವರಿಗೂ ಆಗುತ್ತದೆ. ವೇಗವನ್ನು ಫಲಕದಲ್ಲಿರುವ ಮಿತಿಗಿಂತ ಮೇಲೆ ಇಡಬೇಡಿ.

ಇಂಡಿಕೇಟರ್ ಹಾಕದೆ ಲೇನ್ ಬದಲಿಸಿದರೆ ಸ್ಟೇರಿಂಗ್ ತಡೆಯುತ್ತದೆ. ರಸ್ತೆಯಲ್ಲಿನ ಹಳ್ಳ ತಪ್ಪಿಸಲು ಕೈ ತಿರುಗಿಸಿದಾಗ ಆ ತಡೆ ಕೆಲವರನ್ನು ಗಾಬರಿ ಮಾಡುತ್ತದೆ. ಗಟ್ಟಿಯಾಗಿ ತಿರುಗಿಸಿದರೆ ಅದು ಸೋಲುತ್ತದೆ, ಗಾಬರಿ ಬೇಡ. ಇನ್ನೊಂದು ಸಂದರ್ಭ, ಏನೂ ಇಲ್ಲದೆ ಬ್ರೇಕ್ ಬೀಳುವುದು: ತಿರುವಿನಲ್ಲಿ ಪಕ್ಕದ ಲೇನಿನ ಲಾರಿಯನ್ನೋ, ತೀರ ಹತ್ತಿರ ನುಸುಳಿ ಹೋದ ಬೈಕನ್ನೋ ನಮ್ಮ ದಾರಿಯದೆಂದು ಕಾರು ತಪ್ಪು ತಿಳಿಯುತ್ತದೆ. ಹಿಂದೆ ಜಲ್ಲಿ ತುಂಬಿದ ಟಿಪ್ಪರ್ ಅಂಟಿಕೊಂಡು ಬರುತ್ತಿದ್ದರೆ ಆ ಒಂದು ಬ್ರೇಕ್ ಸಾಕು. ಅದಕ್ಕಾಗಿ ಹಿಂದಿನ ಕನ್ನಡಿಯನ್ನು ಆಗಾಗ ನೋಡುತ್ತಿರಬೇಕು, ಭಾರಿ ವಾಹನ ಬೆನ್ನಿಗೆ ಬಿದ್ದಾಗ ದಾರಿ ಕೊಟ್ಟು ಮುಂದೆ ಬಿಡಬೇಕು.

ಕೈ ಸ್ಟೇರಿಂಗಿನ ಮೇಲಿದೆಯೇ ಎಂದು ಕಾರು ಆಗಾಗ ಪರೀಕ್ಷಿಸುತ್ತದೆ. ಸ್ಟೇರಿಂಗಿಗೆ ನೀರಿನ ಬಾಟಲಿ ಸಿಕ್ಕಿಸಿ ಆ ಪರೀಕ್ಷೆಯನ್ನು ಮೋಸ ಮಾಡುವ ವಿಡಿಯೊಗಳು ಹರಿದಾಡುತ್ತವೆ. ಹೆದ್ದಾರಿಯಲ್ಲಿ ಓಡುವ ಕಾರಿನಲ್ಲಿ ಕಾಲು ಮೇಲೆ ಹಾಕಿಕೊಂಡು ಹಾಡುವವರ ವಿಡಿಯೊಗಳೂ ನಮ್ಮ ದೇಶದಲ್ಲೇ ಬಂದಿವೆ. ಇದನ್ನು ಓದುವವರ ಮನೆಯಲ್ಲಿ ಹದಿಹರೆಯದ ಮಕ್ಕಳಿದ್ದರೆ ದಯವಿಟ್ಟು ಅವರೊಡನೆ ಕೂತು ಮಾತಾಡಿ. 2018ರ ಮಾರ್ಚಿನಲ್ಲಿ ಅಮೆರಿಕದ ಅರಿಜೋನಾದಲ್ಲಿ ಊಬರ್ ಕಂಪನಿಯ ಪರೀಕ್ಷಾ ಕಾರು ರಾತ್ರಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯ ಮೇಲೆ ಹರಿದು ಆಕೆ ಸತ್ತರು. ಆ ಕಾರು ನಮ್ಮ ಕಾರುಗಳಿಗಿಂತ ಎಷ್ಟೋ ಮುಂದಿತ್ತು. ಚಾಲಕ ಸೀಟಿನಲ್ಲಿ ಮೇಲ್ವಿಚಾರಣೆಗೆ ಕೂತಿದ್ದಾಕೆ ಫೋನಿನಲ್ಲಿ ಕಾರ್ಯಕ್ರಮವೊಂದನ್ನು ಹಾಕಿಕೊಂಡಿದ್ದರೆಂದು ತನಿಖೆಯಲ್ಲಿ ತಿಳಿಯಿತು. ಐದು ವರ್ಷದ ಬಳಿಕ, 2023ರಲ್ಲಿ, ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ಶಿಕ್ಷೆಗೊಳಗಾದದ್ದು ಆಕೆ. ಮನುಷ್ಯನ ಸ್ವಭಾವವೇ ಹಾಗಿದೆ: ಮಾಡುವ ಕೆಲಸವಿದ್ದರೆ ಮನಸ್ಸು ನಿಲ್ಲುತ್ತದೆ, ಬರೀ ಕಾಯುವ ಕೆಲಸವಿದ್ದರೆ ಹತ್ತು ನಿಮಿಷದಲ್ಲಿ ಬೇರೆಲ್ಲೋ ಹೋಗುತ್ತದೆ. ಮನಸ್ಸು ಹೋಗುತ್ತಿದೆ ಎನಿಸಿದಾಗ, ತೂಕಡಿಕೆ ಬಂದಾಗ, ಕ್ರೂಸ್ ತೆಗೆದು ಕೈಯಾರೆ ಓಡಿಸಿ. ತೂಕಡಿಕೆ ಹೋಗದಿದ್ದರೆ ಕಾರು ನಿಲ್ಲಿಸಿ. ದಣಿದಾಗ ಓಡಿಸಲು ನೆರವಾಗಲೆಂದು ಅಡಾಸ್ ಹಾಕುವವರಿದ್ದಾರೆ. ಅದು ಪೂರ್ತಿ ತಲೆಕೆಳಗಾದ ಬಳಕೆ.

ಗಾಜು, ಬಂಪರ್, ಹೂವಿನ ಹಾರ

ಆಯುಧಪೂಜೆಯ ದಿನ ಕಾರಿನ ಮೂತಿಗೆ ಚೆಂಡುಹೂವಿನ ದಪ್ಪ ಹಾರ, ಬಾಳೆಕಂದು, ಗಾಜಿನ ಮೇಲೆ ವಿಭೂತಿ, ಕುಂಕುಮ ಬೀಳುತ್ತವೆ. ಹಾರ ರಾಡಾರನ್ನು ಮುಚ್ಚುತ್ತದೆ, ವಿಭೂತಿ ಕ್ಯಾಮೆರಾದ ಮುಂದೆ ಬಂದರೆ ಅದೂ ಕುರುಡಾಗುತ್ತದೆ. ಪೂಜೆಯನ್ನು ಚೆನ್ನಾಗಿಯೇ ಮಾಡಿ. ಊರು ಬಿಡುವ ಮುನ್ನ ಹಾರವನ್ನು ಪಕ್ಕಕ್ಕೆ ಕಟ್ಟಿ, ಗಾಜಿನ ನಡುವಿನ ಮೇಲ್ಭಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಫಾಸ್ಟ್ಯಾಗನ್ನೂ ದೇವರ ಸ್ಟಿಕರನ್ನೂ ಕ್ಯಾಮೆರಾ ನೋಡುವ ಕಿಂಡಿಗೆ ಅಡ್ಡ ಅಂಟಿಸಬೇಡಿ. ಮುಂದೆ ಕಬ್ಬಿಣದ ಗಾರ್ಡ್ ಹಾಕಿಸುವುದು ಕಾನೂನಿಗೂ ವಿರುದ್ಧ, ರಾಡಾರಿಗೂ ಅಡ್ಡಿ.

ಗಾಜು ಬದಲಾಯಿಸಿದ ಮೇಲೆ ಕ್ಯಾಮೆರಾವನ್ನು ಮತ್ತೆ ಅಳತೆಗೆ ಕೂರಿಸಬೇಕು. ಇದಕ್ಕೆ ಕ್ಯಾಲಿಬ್ರೇಷನ್ ಎನ್ನುತ್ತಾರೆ. ಕೂದಲೆಳೆಯಷ್ಟು ಓರೆಯಾದರೂ ನೂರು ಮೀಟರ್ ದೂರದಲ್ಲಿ ಪಟ್ಟೆ ಇರುವ ಜಾಗವೇ ಬೇರೆಯಾಗಿ ಕಾಣುತ್ತದೆ. ಚಿಕ್ಕಬಳ್ಳಾಪುರದ ಕಡೆ ಟಿಪ್ಪರಿನಿಂದ ಹಾರಿದ ಜಲ್ಲಿಕಲ್ಲಿಗೆ ನನ್ನ ಗಾಜು ಸೀಳಿದಾಗ ಒಂದು ಗ್ಯಾರೇಜಿನಲ್ಲಿ ಗಾಜು ಹಾಕಿಸಿದೆ. ಅವರು ಕ್ಯಾಲಿಬ್ರೇಷನ್ ಮಾಡಲಿಲ್ಲ, ಮಾಡಬೇಕೆಂದು ಹೇಳಲೂ ಇಲ್ಲ. ಮೂರು ದಿನ ಕಾರು ಎಡ ಪಟ್ಟೆಯ ಮೇಲೆಯೇ ಹೋಗಲು ಎಳೆಯುತ್ತಿತ್ತು. ನಾನೇ ಕೇಳಬೇಕಿತ್ತು. ಅದರಿಂದ ಈಗ ಗಾಜು, ಬಂಪರ್, ವೀಲ್ ಅಲೈನ್‌ಮೆಂಟ್ ಯಾವುದನ್ನು ಮುಟ್ಟಿದರೂ ಕ್ಯಾಲಿಬ್ರೇಷನ್ ಆಗಿದೆ ಎಂದು ಬಿಲ್ಲಿನಲ್ಲೇ ಬರೆಸಿಕೊಳ್ಳುತ್ತೇನೆ.

ಹೊಣೆ ಯಾರದು

1988ರ ಮೋಟಾರು ವಾಹನ ಕಾಯ್ದೆಯಲ್ಲಿ, ಕಾರೇ ಓಡಿಸುತ್ತಿತ್ತು ಎಂದು ಹೇಳಿ ಹೊಣೆಯಿಂದ ನುಣುಚಿಕೊಳ್ಳಲು ದಾರಿಯಿಲ್ಲ. ಸ್ಟೇರಿಂಗಿನ ಹಿಂದೆ ಕೂತವರೇ ಚಾಲಕರು. ಅಪಾಯಕಾರಿ ಚಾಲನೆಗೆ 184ನೆಯ ಕಲಮಿನಡಿ ಮೊದಲ ಸಲ ಆರು ತಿಂಗಳಿನಿಂದ ಒಂದು ವರ್ಷದವರೆಗೆ ಸೆರೆವಾಸ, ಅಥವಾ 1,000ದಿಂದ 5,000 ರೂಪಾಯಿ ದಂಡ, ಅಥವಾ ಎರಡೂ ಇವೆ. 2019ರ ತಿದ್ದುಪಡಿಯಿಂದ ಓಡಿಸುವಾಗ ಫೋನು ಕೈಯಲ್ಲಿ ಹಿಡಿಯುವುದೂ ಇದರೊಳಗೆ ಬರುತ್ತದೆ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನ ಮೊದಲ ಉಪಕಲಮಿನಡಿ ಐದು ವರ್ಷದವರೆಗೆ ಸೆರೆವಾಸ ಇದೆ. ಕಂಪನಿಗಳಿಗೆ ಹೊಣೆಯೇ ಇಲ್ಲವೆಂದು ಇದರಿಂದ ತಿಳಿಯಬಾರದು. 2019ರ ಒಂದು ಅಪಘಾತದ ಮೊಕದ್ದಮೆಯಲ್ಲಿ 2025ರ ಆಗಸ್ಟಿನಲ್ಲಿ ಮಯಾಮಿಯ ಜ್ಯೂರಿ ಟೆಸ್ಲಾ ಕಂಪನಿಯ ಮೇಲೆ ನೂರಕ್ಕೆ 33ರಷ್ಟು ಹೊಣೆ ಹೊರಿಸಿತು. ಉಳಿದ 67 ಚಾಲಕನ ಪಾಲಿಗೇ ಬಂತು. ಆತ ಬಿದ್ದ ಫೋನನ್ನು ಎತ್ತಿಕೊಳ್ಳಲು ಬಗ್ಗಿದ್ದ.

ಇನ್ನು ಕಾರನ್ನು ಬೇರೆಯವರ ಕೈಗೆ ಕೊಡುವಾಗಿನ ಮಾತು. ಮದುವೆಗೋ ಜಾತ್ರೆಗೋ ಭಾವಮೈದುನ ಕಾರು ಕೇಳುತ್ತಾನೆ, ಆಕ್ಟಿಂಗ್ ಡ್ರೈವರ್ ಬರುತ್ತಾನೆ. ಅವರಿಗೆ ಈ ಕಾರಿನ ಸ್ಟೇರಿಂಗ್ ತಾನಾಗಿ ಎಳೆಯುತ್ತದೆ, ಬ್ರೇಕ್ ತಾನಾಗಿ ಬೀಳಬಹುದು ಎಂಬುದು ಗೊತ್ತಿರುವುದಿಲ್ಲ. ಕೀ ಕೊಡುವ ಮುನ್ನ ಲೇನ್ ಹಿಡಿಯುವುದನ್ನು ಆರಿಸಿ, ತುರ್ತು ಬ್ರೇಕನ್ನು ಹಾಗೇ ಬಿಟ್ಟು, ಏನಿದೆ ಏನಿಲ್ಲ ಎಂಬುದನ್ನು ಐದು ನಿಮಿಷ ಕೂತು ಹೇಳಿ. ಹಲವು ಕಾರುಗಳಲ್ಲಿ ಎಂಜಿನ್ ನಿಲ್ಲಿಸಿ ಮತ್ತೆ ಚಾಲೂ ಮಾಡಿದರೆ ಆರಿಸಿದ್ದು ತಾನಾಗಿ ಮತ್ತೆ ಹತ್ತಿಕೊಳ್ಳುತ್ತದೆ. ಅದನ್ನೂ ಹೇಳಿ, ಗುಂಡಿಯ ಮೇಲೆ ಅವರ ಬೆರಳನ್ನೇ ಇಡಿಸಿ ತೋರಿಸಿ.